ಕೋಷರ್ ಎಂದರೇನು: ಅಕ್ಕಿ, ಶೇಂಗಾ ಬೆಳೆಯುವ ನಮ್ಮ ಕಡೆಯವರಿಗೆ

ಗಂಗಾವತಿ, ಸಿಂಧನೂರಿನ ಮಿಲ್ಲಿನವರು ಹೊರದೇಶಕ್ಕೆ ಮಾಲು ಕಳಿಸಲು ಹೊರಟರೆ ಕೋಷರ್ ಎಂಬ ಪದ ಎದುರಾಗಬಹುದು. ಯೆಹೂದ್ಯ ಧರ್ಮದ ಆಹಾರ ನಿಯಮಕ್ಕೆ ಸಲ್ಲುವುದು ಎಂದು ಅದರ ಅರ್ಥ. ಯೆಹೂದ್ಯ ಪುರೋಹಿತರು ಬಂದು ಮಂತ್ರ ಹೇಳಿದರೆ ಮಾಲು ಕೋಷರ್ ಆಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ರಬ್ಬಿ (ಯೆಹೂದ್ಯ ಧರ್ಮಗುರು) ಬಂದು ನೋಡುವುದು ಏನೇನು ಸೇರಿದೆ, ಯಾವ ಪಾತ್ರೆಯಲ್ಲಿ ತಯಾರಾಯಿತು ಎಂಬುದನ್ನು.

ಹೀಬ್ರೂವಿನ ಕಾಶೇರ್ ಎಂದರೆ ತಕ್ಕದ್ದು, ಸರಿಯಾದದ್ದು. ಬೈಬಲ್ಲಿನ ಎಸ್ತೇರಳ ಗ್ರಂಥದಲ್ಲಿ (8:5) ಈ ಧಾತು ಬರುವುದು ಊಟದ ವಿಷಯಕ್ಕಲ್ಲ, ರಾಜನಿಗೆ ಸರಿಕಂಡರೆ ಎಂಬ ಅರ್ಥದಲ್ಲಿ. ಆಹಾರಕ್ಕೆ ಅಂಟಿಕೊಂಡದ್ದು ಆಮೇಲೆ. ಯುರೋಪಿನ ಯೆಹೂದ್ಯರ ಭಾಷೆಯಾದ ಯಿಡ್ಡಿಷ್ ಉಚ್ಚಾರದಲ್ಲಿ ಕೋಷರ್ ಆಗಿ, 19ನೇ ಶತಮಾನದ ಇಂಗ್ಲಿಷಿನಲ್ಲಿ ನೆಲೆಯೂರಿತು. ನಿಷಿದ್ಧಕ್ಕೆ ಟ್ರೇಫ್ ಎನ್ನುತ್ತಾರೆ. ಅದರ ಮೂಲವಾದ ತೆರೇಫಾ ಎಂದರೆ ಕಾಡುಮೃಗ ಹರಿದು ಹಾಕಿದ ಪ್ರಾಣಿ.

'ಮರಿಯನ್ನು ತಾಯಿಯ ಹಾಲಿನಲ್ಲಿ ಬೇಯಿಸಬಾರದು' ಎಂಬ ಮಾತು ಯೆಹೂದ್ಯರ ಮೂಲ ಧರ್ಮಗ್ರಂಥ ತೋರಾದಲ್ಲಿ ಮೂರು ಸಲ ಬರುತ್ತದೆ. ಮಾಂಸ, ಹಾಲು ಬೇರೆ ಬೇರೆ ಎಂಬ ಕಟ್ಟುನಿಟ್ಟು ಬೆಳೆದದ್ದು ಇದರಿಂದಲೇ. ಮಾಂಸ ಉಂಡ ಮೇಲೆ ಹಾಲು ಮುಟ್ಟಲು ಹಲವು ಮನೆತನಗಳಲ್ಲಿ 6 ಗಂಟೆ ಕಾಯುತ್ತಾರೆ. ಎರಡಕ್ಕೂ ಸೇರದ ಕಾಳು, ತರಕಾರಿ, ಮೊಟ್ಟೆ, ಮೀನು ಪಾರೆವ್.

ನಮ್ಮ ಹಸಿರು ಚುಕ್ಕೆ ನಂಬಿ ಕೂತರೆ ಎಡವಟ್ಟಾಗುವುದು ಇಲ್ಲೇ. ಬೆಣ್ಣೆ ಬಿಸ್ಕತ್ತಿಗೆ ಹಸಿರು ಚುಕ್ಕೆ ಉಂಟು, ಆದರೆ ಮಾಂಸದೂಟದ ಜೊತೆ ಬಡಿಸುವಂತಿಲ್ಲ. ಮೊಟ್ಟೆಗೆ ನಮ್ಮಲ್ಲಿ ಹಸಿರು ಚುಕ್ಕೆಯಿಲ್ಲ, ಅವರಲ್ಲಿ ಅದು ಪಾರೆವ್. ರಕ್ತದ ಕಲೆ ಕಂಡರೆ ಮಾತ್ರ ಬೇಡ. ಪೊಟ್ಟಣದ ಮೇಲೆ ವೃತ್ತದೊಳಗಿನ ಯು ಎಂಬ ಕೋಷರ್ ಮುದ್ರೆಯ ಪಕ್ಕ ಡಿ ಇದ್ದರೆ ಹಾಲಿನದು. ಪಿ ಇದ್ದರೆ ಪಾರೆವ್ ಎಂದುಕೊಳ್ಳಬೇಡಿ, ಅದು ಯೆಹೂದ್ಯರ ಪಾಸೋವರ್ ಹಬ್ಬಕ್ಕೆ (ಆಗ ಹುಳಿಬಂದ ಗೋಧಿ ಮೊದಲಾದ ಧಾನ್ಯ ಅವರಿಗೆ ನಿಷಿದ್ಧ) ಸಲ್ಲುವುದೆಂಬ ಗುರುತು.

ಹಾಲು ಕಾಯಿಸಿದ ಸ್ಟೀಲ್ ಕಡಾಯಿಯನ್ನು ಪಾರೆವ್ ಮಾಲಿಗೆ ಬಳಸಬೇಕಾದರೆ ಮೊದಲು ಜಿಡ್ಡು ಬಿಡುವಂತೆ ಉಜ್ಜಿ ತೊಳೆದು, 24 ಗಂಟೆ ಹಾಗೇ ಬಿಟ್ಟು, ಆಮೇಲೆ ಅಂಚು ಮೀರಿ ಉಕ್ಕುವಂತೆ ನೀರು ಕುದಿಸಬೇಕು. ಮಣ್ಣಿನ ಪಾತ್ರೆಗೆ ಈ ಉಪಾಯ ನಡೆಯದು, ಹೀರಿಕೊಂಡದ್ದನ್ನು ಅದು ಬಿಡುವುದಿಲ್ಲ ಎಂಬುದು ಅವರ ನಿಯಮ.

ಏನೂ ಬೆರೆಸದ ಸೋನಾ ಮಸೂರಿ ಸ್ವಭಾವತಃ ಪಾರೆವ್. ಹುಳ ಮಾತ್ರ ಇರಕೂಡದು. ಪಾಸೋವರ್ ಎಂಟು ದಿನಗಳಲ್ಲಿ (ಇಸ್ರೇಲಿನಲ್ಲಿ ಏಳು) ಅಶ್ಕೆನಾಜಿಗಳಲ್ಲಿ (ಮಧ್ಯ, ಪೂರ್ವ ಯುರೋಪ್ ಮೂಲದ ಯೆಹೂದ್ಯರು) ಸಂಪ್ರದಾಯ ಪಾಲಿಸುವವರು ಅಕ್ಕಿ, ಬೇಳೆ ಮುಟ್ಟುವುದಿಲ್ಲ. ಅವರಲ್ಲಿ ಅನೇಕರು ಶೇಂಗಾವನ್ನೂ ಬಿಡುತ್ತಾರೆ. ಸೆಫಾರ್ದಿಗಳಲ್ಲಿ (ಸ್ಪೇನ್, ಪೋರ್ಚುಗಲ್ ಮೂಲದ ಯೆಹೂದ್ಯರು) ಹಲವರು ಅಕ್ಕಿ ಉಣ್ಣುತ್ತಾರೆ, ಆದರೆ ಒಂದು ಗೋಧಿ ಕಾಳೂ ಸೇರಿರಬಾರದೆಂದು ಮೂರು ಸಲ ಕಾಳು ಕಾಳಾಗಿ ಆರಿಸಿದ ಮೇಲೆ. ಗೋಧಿ ತುಂಬಿದ್ದ ಚೀಲದಲ್ಲೇ ಅಕ್ಕಿ ತುಂಬುವ ರೂಢಿ ಇದ್ದವರು ಈ ಗಿರಾಕಿಗೆ ಹೊಸ ಚೀಲವನ್ನೇ ತೆಗೆಯಬೇಕು.