ನೀವೆಲ್ಲಿಗೆ ಹೋಗ್ಬೇಕು ಅಮ್ಮ?

ಈ ವಾರ ನಾನು ಅತಿ ಹೆಚ್ಚು ಕೇಳಿದ ಮಾತು "ಮೆಟ್ರೋದಿಂದ ಐದೇ ನಿಮಿಷ". ಕೆಂಗೇರಿ ಉಪನಗರದಲ್ಲಿ ಕೇಳಿದೆ, ಉಲ್ಲಾಳದಲ್ಲಿ ಕೇಳಿದೆ, ಸರ್ ಎಂ.ವಿ. ಬಡಾವಣೆಯಲ್ಲಿ ಕೇಳಿದೆ, ಕೊಮ್ಮಘಟ್ಟದ ಕಡೆ ಮನೆಗಿಂತ ಖಾಲಿ ಸೈಟೇ ಹೆಚ್ಚಿದ್ದ ಒಂದು ರಸ್ತೆಯಲ್ಲೂ ಕೇಳಿದೆ. ರಾತ್ರಿ ಹನ್ನೊಂದರ ಮೇಲೆ, ಬೈಕಿನಲ್ಲಿ, ಹಂಪುಗಳನ್ನು ಲೆಕ್ಕಿಸದೆ ಹೋದರೆ ಐದು ನಿಮಿಷ ಆದೀತು. ಅದರ ಬಗ್ಗೆ ನನ್ನ ತಕರಾರಿಲ್ಲ. ಮನೆ ತೋರಿಸುವವರು ಎಲ್ಲ ಊರಲ್ಲೂ ಹೀಗೇ. ನಮ್ಮ ಧಾರವಾಡದಲ್ಲೂ "ಇಲ್ಲೇ ಸಮೀಪ" ಅಂದರೆ ಆಟೋ ಮಾಡಿಕೊಂಡು ಹೋಗು ಅಂತಲೇ ಅರ್ಥ. ನನಗೆ ಚುಚ್ಚಿದ್ದು ಬೇರೆ ಮಾತು.

ಬ್ಯಾಂಕಿನಲ್ಲಿ ಬಡ್ತಿ ಬಂತು, ಬೆನ್ನಿಗೇ ವರ್ಗವೂ ಬಂತು. ಎಂ.ಜಿ. ರಸ್ತೆಯ ಹತ್ತಿರದ ಕಚೇರಿ, ಸೋಮವಾರ ಹಾಜರಾಗಬೇಕು. ಇಷ್ಟು ವರ್ಷ ಮನೆ ಧಾರವಾಡ, ಶಾಖೆ ಹುಬ್ಬಳ್ಳಿ. ದಿನಾ ಓಡಾಡುವುದು ನನಗೆ ಹೊಸದಲ್ಲ. 2018ರಲ್ಲಿ ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸು ಬಂದ ಮೇಲಂತೂ ಬಸ್ಸಿಗೇ ಬೇರೆ ದಾರಿ. ನವಲೂರು, ಉಣಕಲ್ ದಾಟಿದ್ದು ಗೊತ್ತಾಗುವಷ್ಟರಲ್ಲಿ ಹುಬ್ಬಳ್ಳಿ. ಆದ್ದರಿಂದ ಬೆಂಗಳೂರಿನ ಟ್ರಾಫಿಕ್ಕಿನ ಕಥೆ ಹೇಳಿ ಹೆದರಿಸಿದವರಿಗೆಲ್ಲ, ಮೆಟ್ರೋ ಇದ್ದಲ್ಲಿ ಮನೆ ಹಿಡಿದರಾಯಿತು, ಮುಗೀತಲ್ಲ ಎನ್ನುತ್ತಿದ್ದೆ.

ಹೊಸ ಕಚೇರಿಯ ಹಿರಿಯರೊಬ್ಬರು ಫೋನಿನಲ್ಲೇ ಪಾಠ ಮಾಡಿದರು. "ಮೇಡಂ, ಬಣ್ಣ ಬದಲಾಯಿಸೋ ಹಾಗಿರಬಾರದು ನೋಡಿ." ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ 43 ಕಿಲೋಮೀಟರ್ ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಪೂರ್ತಿ ಓಡುತ್ತಿದೆ, ಎಂ.ಜಿ. ರಸ್ತೆ ಅದರ ಮೇಲೇ ಇದೆ. ಮಾದಾವರದ ಕಡೆ ಅಗ್ಗ ಅಂತ ಹಸಿರು ಮಾರ್ಗಕ್ಕೆ ಹೋದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಆ ಜನಜಂಗುಳಿಯಲ್ಲಿ ರೈಲು ಬದಲಾಯಿಸಬೇಕು. ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಶುರುವಾಯಿತು ಅಂತ ಆ ಕಡೆ ಮನೆ ಮಾಡಿದರೆ ಆರ್.ವಿ. ರಸ್ತೆಯಲ್ಲಿ ಒಮ್ಮೆ, ಮೆಜೆಸ್ಟಿಕ್‌ನಲ್ಲಿ ಇನ್ನೊಮ್ಮೆ. ಈ ಮನುಷ್ಯ ಎಲ್ಲದಕ್ಕೂ ಎಕ್ಸೆಲ್ ಶೀಟು ಇಟ್ಟಿರುವ ಪೈಕಿ. ಮಗಳಿಗೆ ಗಂಡು ನೋಡುವುದಕ್ಕೂ ಒಂದು ಮಾಡಿಟ್ಟಿರಬೇಕು. ಆದರೆ ಹೇಳಿದ್ದು ಸರಿ ಇತ್ತು. ವೈಟ್‌ಫೀಲ್ಡ್ ಕಡೆಯ ಬಾಡಿಗೆ ಕೇಳಿದರೆ ಬಂದ ಬಡ್ತಿ ಅಲ್ಲೇ ಕರಗಿಹೋಗುತ್ತಿತ್ತು. ಹೀಗೆ ಉಳಿದದ್ದು ಕೆಂಗೇರಿ ದಿಕ್ಕು.

ಅವ್ವನನ್ನೂ ಕರೆದುಕೊಂಡೇ ಬಂದೆ. ವಿಜಯನಗರದಲ್ಲಿ ಸೋದರಮಾವನ ಮನೆಯಲ್ಲಿ ಉಳಿದುಕೊಂಡು ಬೆಳಿಗ್ಗೆ ಹೊರಡುವುದು, ಸಂಜೆ ಕಾಲು ನೀವಿಕೊಳ್ಳುತ್ತ ವಾಪಸ್ಸಾಗುವುದು.

ಬ್ರೋಕರ್ ಮೂವತ್ತರೊಳಗಿನ ಹುಡುಗ. ಚುರುಕು, ಮಾತು ಚಂದ, ಬಿಸಿಲಲ್ಲಿ ನಮಗೆ ಎಳನೀರನ್ನೂ ಕೊಡಿಸಿದ. ಕೆಟ್ಟವನಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆ ಯಾಕೆ ಇಷ್ಟು ಅಂದರೆ, "ಮುಂದೆ ಸಬರ್ಬನ್ ರೈಲೂ ಬರುತ್ತೆ ಮೇಡಂ, ಕೆಂಗೇರಿಯಿಂದ ಡೈರೆಕ್ಟ್ ವೈಟ್‌ಫೀಲ್ಡು" ಅಂದ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರಿಟ್ಟ ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್, 2022ರಲ್ಲಿ ಶಂಕುಸ್ಥಾಪನೆ. ಕೆಂಗೇರಿಗೆ ಹೇಳಿರುವುದು ಪಾರಿಜಾತ. ಅದರ ರೈಲು ಇನ್ನೂ ಓಡಿಲ್ಲ, ಬಾಡಿಗೆ ಮಾತ್ರ ಆಗಲೇ ಹತ್ತಿ ಕೂತಿದೆ. ಮೆಟ್ರೋ ದರ 2025ರ ಫೆಬ್ರವರಿಯಲ್ಲಿ ಏರಿ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋದದ್ದನ್ನು ಮಾತ್ರ ಯಾವ ಮಾಲೀಕರೂ ಬಾಡಿಗೆಯಲ್ಲಿ ಕಳೆಯುವುದಿಲ್ಲ.

ಅಡ್ವಾನ್ಸಿನ ವಿಷಯ ಹೇಳದಿರುವುದೇ ಒಳ್ಳೆಯದು. ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಇಲ್ಲಿ ಆ ಮಾತೆತ್ತಿದರೆ ಗೇಟಿನ ಹೊರಗೇ ನಿಲ್ಲಿಸುತ್ತಾರೆ. ಹತ್ತು ತಿಂಗಳು, ಕರಾರು ಹನ್ನೊಂದು ತಿಂಗಳದ್ದು, ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳದ್ದು ಕಡಿತ. "ಯಜಮಾನರು ಏನು ಮಾಡ್ತಾರೆ?" ಎಂಬ ಪ್ರಶ್ನೆಗೆ ಮದುವೆ ಆಗಿಲ್ಲ ಅಂದಾಗ ಒಬ್ಬರು ಮನೆ ತೋರಿಸುವುದನ್ನು ಅರ್ಧಕ್ಕೇ ನಿಲ್ಲಿಸಿ, ಈಗಷ್ಟೇ ನೆನಪಾದವರಂತೆ, ಇದು ನೆಂಟರಿಗೆ ಕೊಡೋದಂತ ಮಾತಾಗಿದೆ ಅಂದರು. ಆ ನೆಂಟರು ಚೆನ್ನಾಗಿರಲಿ.

ಇನ್ನು ಆ ಮಾತು. ಉಲ್ಲಾಳದ ಕಡೆ ಮೂವತ್ತು-ನಲವತ್ತರ ಸೈಟಿನಲ್ಲಿ ಎದ್ದ ಮನೆ, ಎರಡನೇ ಮಹಡಿ, ಲಿಫ್ಟಿಲ್ಲ. ಗಾಳಿ ಬೆಳಕು ಭರಪೂರ, ಗ್ರಾನೈಟ್ ಅಡುಗೆಕಟ್ಟೆ. ನನಗೆ ಮನೆ ಹಿಡಿಸಿತ್ತು. ಅವ್ವ ಕೊನೆಗೆ ಬಂದಳು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಟ್ಟು. ಬಂದವಳು ಮನೆ ನೋಡಲಿಲ್ಲ, ಬಾಲ್ಕನಿಯಲ್ಲಿ ನಿಂತು ರಸ್ತೆ ನೋಡಿದಳು. ಆಮೇಲೆ ಕೇಳಿದಳು, "ಇಲ್ಲೆ ದವಾಖಾನಿ ಎಷ್ಟ ದೂರ ಐತ್ರಿ? ಕಾಯಿಪಲ್ಲೆ ಎಲ್ಲಿ ಸಿಗತೈತಿ? ಗಿರಣಿ ಐತೇನ್ರಿ ಸನೇಕ?"

ಹುಡುಗ ನಕ್ಕ. ವ್ಯಂಗ್ಯದ ನಗೆಯಲ್ಲ, ಅಜ್ಜಿಯನ್ನು ಕಂಡು ಮೊಮ್ಮಗ ನಗುವ ಹಾಗೆ. "ನೀವೆಲ್ಲಿಗೆ ಹೋಗ್ಬೇಕು ಅಮ್ಮ? ಮನೇಲೇ ತಾನೇ ಇರೋದು. ಮೇಡಂಗೆ ಮೆಟ್ರೋ ಹತ್ರ ಆದ್ರೆ ಸಾಕಲ್ವಾ?"

ಅವ್ವ ಒಂದು ಕ್ಷಣ ಅವನ ಮುಖ ನೋಡಿದಳು. "ಹೌದು ಬಿಡ್ರಿ. ನಾ ಎಲ್ಲಿ ಹೋಗಾಕಿ."

ಇಷ್ಟೇ ಆಗಿದ್ದು. ಸಿಟ್ಟಿಲ್ಲ, ಅಳುಕಿಲ್ಲ. ತರಕಾರಿಯವನು ಇವತ್ತು ಹೀರೇಕಾಯಿ ಇಲ್ಲ ಅಂದರೆ ಮುಂದಿನದಕ್ಕೆ ಹೋಗುವ ಧಾಟಿಯಲ್ಲಿ ಅಂದು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ನನಗೆ ಮಾತ್ರ ಆ "ಹೌದು ಬಿಡ್ರಿ" ಒಳಗೆ ಇಳಿಯಲೇ ಇಲ್ಲ. ರಾತ್ರಿ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ತೆಗೆದೆ. ಮಾವನ ಮಗ, ಸದಾ ಇನ್ನೊಬ್ಬರ ಪರ ವಕಾಲತ್ತು ಹಾಕುವವನು, "ಅವನು ಹೇಳಿದ್ರಲ್ಲಿ ತಪ್ಪೇನಕ್ಕಾ? ಡೈಲಿ ಟ್ರಾವೆಲ್ ಮಾಡೋಳು ನೀನು" ಅಂದ. ಅವ್ವನೂ ಅದಕ್ಕೇ ದನಿಗೂಡಿಸಿದಳು: "ಅಂವ ಏನ್ ಸುಳ್ಳ ಹೇಳಿದ? ನೀ ದುಡಿಯಾಕಿ, ನಿನಗ ಸಮೀಪ ಆಗಬೇಕು."

ನೀವೆಲ್ಲಿಗೆ ಹೋಗ್ಬೇಕು? ಧಾರವಾಡದಲ್ಲಿ ಅವ್ವ ಎಲ್ಲಿಗೆ ಹೋಗುತ್ತಾಳೆ ಅಂತ ಆ ರಾತ್ರಿ ಹಾಸಿಗೆಯಲ್ಲಿ ಲೆಕ್ಕ ಹಾಕಿದೆ. ಬೆಳಿಗ್ಗೆ ಸಪ್ತಾಪುರದ ನಮ್ಮ ಓಣಿಯ ತುದಿಗೆ ಹೂವಿಗೆ. ಸೋಮವಾರ ಉಳವಿ ಚನ್ನಬಸವೇಶ್ವರ ಗುಡಿಗೆ. ಸೂಪರ್ ಮಾರ್ಕೆಟ್ಟಿಗೆ ಕಾಯಿಪಲ್ಲೆ ತರಲು, ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ಟಿನಲ್ಲಿ. 2023ರಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ತಿರುಗಾಟ ಇನ್ನಷ್ಟು ಬೆಳೆದಿದೆ. ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷೆಗೆ. ಜೋಳ ಬೀಸಿಸಲು ಗಿರಣಿಗೆ. ಯಾರದೋ ಮನೆಯ ಸೀಮಂತಕ್ಕೆ, ಇನ್ನಾರದೋ ಮನೆಗೆ ಮಾತಾಡಿಸಲು. ಒಂದು ದಿನಕ್ಕೆ ನಾನು ಎರಡು ಸಲ ಓಡಾಡಿದರೆ ಅವ್ವ ನಾಲ್ಕೈದು ಸಲ ಹೊರಗೆ ಹೋಗಿ ಬರುತ್ತಾಳೆ. ಎಲ್ಲ ಚಿಕ್ಕ ಚಿಕ್ಕ ದೂರ, ಎಲ್ಲ ಕಾಲ ಮೇಲೆ. ಯಾರೂ ಅದನ್ನು ಪ್ರಯಾಣ ಅನ್ನುವುದಿಲ್ಲ.

ಮೊಬೈಲಿನ ನಕ್ಷೆಯೂ ಅನ್ನುವುದಿಲ್ಲ. ಮನೆ ಎಂದು ಒಂದು ಗುರುತು, ಕಚೇರಿ ಎಂದು ಇನ್ನೊಂದು. ನಡುವಿನದು ಮಾತ್ರ ದಾರಿ. 2011ರ ಜನಗಣತಿಯಲ್ಲೂ ಎಷ್ಟು ದೂರ ಹೋಗುತ್ತೀರಿ, ಯಾವುದರಲ್ಲಿ ಹೋಗುತ್ತೀರಿ ಎಂದು ಕೇಳಿದ್ದು ದುಡಿಯಲು ಹೋಗುವವರನ್ನು, ಅದೂ ಹೊಲದ ದುಡಿಮೆ ಬಿಟ್ಟು ಬೇರೆ ಕೆಲಸದವರನ್ನು. ಅವ್ವನಂಥವರು ಆ ಕಾಲಮ್ಮಿನಲ್ಲಿ ಎಲ್ಲಿಗೂ ಹೋಗದವರು. ಹಾಗಿರುವಾಗ ಬ್ರೋಕರ್ ಹುಡುಗನೊಬ್ಬನ ಮೇಲೆ ಹರಿಹಾಯ್ದರೆ ಏನು ಬಂತು? ಅವನು ಎಲ್ಲರೂ ಬಾಯಿಬಿಡದೆ ನಡೆಸಿಕೊಂಡು ಬಂದದ್ದನ್ನು ಬಾಯಿಬಿಟ್ಟು ಹೇಳಿದ, ಅಷ್ಟೇ.

ನಮ್ಮ ಮನೆಯಲ್ಲೂ ಹಾಗೇ ನಡೆದದ್ದು. ಅಪ್ಪನ ವರ್ಗದ ಬೆನ್ನು ಹತ್ತಿ ಗದಗ, ರೋಣ, ಹಾವೇರಿ. ಪ್ರತಿ ಊರಲ್ಲೂ ಅಪ್ಪ ಸೈಕಲ್ಲಿಗೆ ಸಮೀಪ ಅಂತ ಕಚೇರಿಯ ಮಗ್ಗುಲಲ್ಲೇ ಮನೆ ಹಿಡಿಯುತ್ತಿದ್ದ. ರೋಣದ ಮನೆಯಿಂದ ಕುಡಿಯುವ ನೀರಿಗೆ ಎಷ್ಟು ದೂರ ನಡೆಯಬೇಕಿತ್ತು ಅಂತ ಅವ್ವ ಈಗಲೂ ನಗುನಗುತ್ತಲೇ ಹೇಳುತ್ತಾಳೆ. ಅಪ್ಪ ನಿವೃತ್ತನಾಗಿ ಧಾರವಾಡಕ್ಕೆ ಬಂದ ಮೇಲೆಯೇ ಗುಡಿ, ಗಿರಣಿ, ಗೆಳತಿಯರನ್ನು ಅವಳು ತನಗೆ ಬೇಕಾದ ಹಾಗೆ ಕೂಡಿಸಿಕೊಂಡದ್ದು. ಅಪ್ಪ ಹೋದ ಮೇಲೆ ಅದೇ ಅವಳನ್ನು ಕೈಹಿಡಿದು ನಡೆಸಿತು. ಈಗ ವರ್ಗದ ಕಾಗದ ಬಂದಿರುವುದು ಮಗಳ ಹೆಸರಿಗೆ. ಗಂಟು ಕಟ್ಟಬೇಕಾದವಳು ಮತ್ತೆ ಅವಳೇ. ಹೆಣ್ಣುಮಗಳು ದುಡಿದರೆ ಮನೆಯ ಲೆಕ್ಕಾಚಾರ ತಾನಾಗಿ ಬದಲಾಗುತ್ತದೆ ಅಂತ ಭಾಷಣ ಮಾಡುವವರನ್ನು ಒಮ್ಮೆ ಉಲ್ಲಾಳದ ಆ ಎರಡನೇ ಮಹಡಿಗೆ ಹತ್ತಿಸಬೇಕು.

ಮರುದಿನ ಬ್ರೋಕರನಿಗೆ ಹೇಳದೆ ಆ ಮನೆಯ ಗೇಟಿನಿಂದ ಮೆಟ್ರೋ ನಿಲ್ದಾಣಕ್ಕೆ ಅವ್ವನ ಜೊತೆ ನಡೆದೆ. ಪಾದಚಾರಿ ದಾರಿ ಅಂತ ಇರುವ ಕಡೆ ಕಲ್ಲುಚಪ್ಪಡಿ ಬಾಯಿಬಿಟ್ಟಿದ್ದವು. ಟ್ರಾನ್ಸ್‌ಫಾರ್ಮರ್ ಬಂದಲ್ಲಿ ದಾರಿಯೇ ಮುಗಿದು ರಸ್ತೆಗೆ ಇಳಿಯಬೇಕು, ಮುಂದೆ ಕಾರು ನಿಲ್ಲಿಸಿದ್ದಾರೆ, ಅದರಾಚೆ ಕಡಿದ ಮರದ ಬೊಡ್ಡೆ. ಅವ್ವ ಒಂದು ಕೈಯಲ್ಲಿ ಸೀರೆಯ ನಿರಿಗೆ, ಇನ್ನೊಂದರಲ್ಲಿ ನನ್ನ ಮೊಣಕೈ ಹಿಡಿದಿದ್ದಳು. ಹಿಂದಿನಿಂದ ಬಂದ ಸ್ಕೂಟರು ಹಾರ್ನ್ ಹೊಡೆದಾಗಲೆಲ್ಲ ಆ ಹಿಡಿತ ಬಿಗಿಯಾಗುತ್ತಿತ್ತು. ಐದು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು, ನಡುವೆ ಒಂದು ಬೇಕರಿ ಕಟ್ಟೆಯಲ್ಲಿ ಕೂತದ್ದೂ ಸೇರಿ. ನಾನು ಮೆಟ್ರೋ ಕಂಬಗಳನ್ನು ನೋಡುತ್ತ ನಡೆದರೆ ಅವಳು ಅಂಗಡಿಗಳನ್ನು ನೋಡುತ್ತ ಬಂದಳು. ನಿಲ್ದಾಣ ಮುಟ್ಟಿದಾಗ ವರದಿ ಸಿದ್ಧವಿತ್ತು: "ಔಷಧದ ಅಂಗಡಿ ಒಂದೈತಿ. ಗುಡಿ ಕಾಣಲಿಲ್ಲ. ಗಿರಣಿ ಇಲ್ಲ. ಜ್ವಾಳ ಎಲ್ಲಿ ಬೀಸಸೂದು?"

ಆ ಮನೆ ಬೇಡ ಅಂತ ಫೋನ್ ಮಾಡಿದೆ. "ಮೇಡಂ, ಇಷ್ಟು ಹತ್ರ ಇನ್ನೆಲ್ಲೂ ಸಿಗಲ್ಲ" ಅಂತ ಹುಡುಗ ನಿಜವಾಗಿಯೂ ನೊಂದುಕೊಂಡ.

ಈಗ ಮಾತುಕತೆ ನಡೆದಿರುವುದು ಕೆಂಗೇರಿ ಉಪನಗರದ ಒಳಗಿನ ಒಂದು ಹಳೆಯ ಮನೆಗೆ. ನೆಲಮಹಡಿ, ಅಡುಗೆಮನೆ ಇಕ್ಕಟ್ಟು, ಬಚ್ಚಲಿನ ಬಾಗಿಲು ಎತ್ತಿ ತಳ್ಳಿದರೆ ಮಾತ್ರ ಹಾಕಿಕೊಳ್ಳುತ್ತದೆ. ನಾನು ಮೆಟ್ರೋಗೆ ಇಪ್ಪತ್ತು ನಿಮಿಷ ನಡೆಯಬೇಕು, ಮಳೆಗಾಲದಲ್ಲಿ ಆಟೋದವರ ಬಾಯಿಗೆ ಬೀಳಬೇಕು. ಎಕ್ಸೆಲ್ ಶೀಟಿನವರಿಗೆ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ, ಆಮೇಲೆ, "ತಿಂಗಳಿಗೆ ಎಷ್ಟು ಗಂಟೆ ಲಾಸು ಗೊತ್ತಾ ಮೇಡಂ?" ಅಂದರು. ಗೊತ್ತಿದೆ. ಆದರೆ ಆ ರಸ್ತೆಯ ತಿರುವಿನಲ್ಲಿ ಗಣಪತಿ ಗುಡಿ ಇದೆ, ಅದರೆದುರು ಬೆಳಗಿನ ಕಾಯಿಪಲ್ಲೆ ಗಾಡಿ, ಎರಡು ರಸ್ತೆಯಾಚೆ ಗಿರಣಿ. ಗಿರಣಿಯವರಿಗೆ ರಾಗಿಯೇ ಹೆಚ್ಚು. ಜೋಳ ಬುಧವಾರ ಮಾತ್ರ ಹಾಕುತ್ತೀವಿ ಅಂದಿದ್ದಾರೆ. ಅವ್ವ ಅದಕ್ಕೂ ಒಪ್ಪಿ ಬಂದಿದ್ದಾಳೆ.

ಮಾಲೀಕರ ಹೆಂಡತಿ ನಿವೃತ್ತ ಶಿಕ್ಷಕಿ, ಮಾತಿನಲ್ಲಿ ಗಟ್ಟಿ. ಕಾವೇರಿ ಮತ್ತು ಬೋರು ಎರಡೂ ಇದೆ ಅಂತ ಹೆಮ್ಮೆಯಿಂದ ಹೇಳಿದರು. "ನೀರು ಎಷ್ಟ ದಿವಸಕ್ಕೊಮ್ಮೆ ಬಿಡತಾರ್ರಿ?" ಅಂತ ಅವ್ವ ಕೇಳಿದ್ದು ಅವರಿಗೆ ತಿಳಿಯಲೇ ಇಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ವಾರದ ನೀರನ್ನು ಪಿಂಪುಗಳಲ್ಲಿ ತುಂಬಿಟ್ಟು ಬದುಕಿದವಳಿಗೆ ಇದು ಮೊದಲ ಪ್ರಶ್ನೆ. ತಿಳಿದ ಮೇಲೆ ಇಬ್ಬರೂ ನಕ್ಕರು, ಕಾಫಿ ಬಂತು, ಮೊಣಕಾಲು ನೋವಿಗೆ ಯಾವ ಎಣ್ಣೆ ಅಂತ ಚರ್ಚೆಯೂ ಆಯಿತು.

ಇಷ್ಟಾದರೂ ಅಡ್ವಾನ್ಸ್ ಹತ್ತು ತಿಂಗಳಿಂದ ಇಳಿದಿಲ್ಲ. ನಾನು ಆರಕ್ಕೆ ನಿಂತಿದ್ದೇನೆ, ಭಾನುವಾರ ತಿಳಿಸುತ್ತೇವೆ ಅಂದಿದ್ದಾರೆ. ಆ ಬಾಯಿ ಎಂಟರ ಕೆಳಗೆ ಇಳಿಯಾಕಿ ಅಲ್ಲ ಅಂತ ಅವ್ವನ ಅಂದಾಜು. ನೀ ಸುಮ್ಮನಿರು, ನಾನೇ ಹೋಗಿ ಮಾತಾಡಿ ಬರ್ತೀನಿ ಅಂತ ಬಸ್ ನಂಬರ್ ಕೇಳಿ ಬರೆಸಿಕೊಂಡಿದ್ದಾಳೆ.