ಮೆಡ್ವೇ ಡಯೋರಮಾ: ಸರಪಳಿ ಕೊನೆಗೂ ಕೂತಿತು

ಒಂದು ಸರಪಳಿಗೆ ಮೂರು ವಾರ! ನಾನು ಮಾಡುತ್ತಿರುವ ಡಯೋರಮಾ, ಅಂದರೆ ಪುಟ್ಟ ಮಾದರಿಗಳ ದೃಶ್ಯ, ಒಂದು ನೌಕಾ ದಾಳಿಯದ್ದು. ಅದರ ಡಚ್ ಹಡಗು ‘ವ್ರೇಡೆ’ಯ ಮಾದರಿ ಯಾವತ್ತೋ ಮುಗಿದು ಶೆಲ್ಫಿನಲ್ಲಿ ಧೂಳು ತಿನ್ನುತ್ತಿದೆ.

ದೃಶ್ಯ 1667ರ ಜೂನ್ ತಿಂಗಳದ್ದು. ಡಚ್ಚರನ್ನು ತಡೆಯಲು ಇಂಗ್ಲಿಷರು ಗಿಲಿಂಗ್‌ಹ್ಯಾಮ್ ಹತ್ತಿರ ಇಂಗ್ಲೆಂಡಿನ ಮೆಡ್ವೇ ನದಿಗೆ ಅಡ್ಡ ಕಬ್ಬಿಣದ ಸರಪಳಿ ಕಟ್ಟಿದ್ದರು. ಡಚ್ ಕ್ಯಾಪ್ಟನ್ ಯಾನ್ ಫಾನ್ ಬ್ರಾಕೆಲ್ ಶಿಸ್ತು ಮೀರಿದ್ದಕ್ಕೆ ಆಗ ಬಂಧನದಲ್ಲಿದ್ದ. ತಾನೇ ಮುಂದೆ ಹೋಗುತ್ತೇನೆ ಎಂದು ಕೇಳಿಕೊಂಡು ಬಿಡುಗಡೆ ಪಡೆದ. ‘ವ್ರೇಡೆ’ಯಲ್ಲಿ ನುಗ್ಗಿ ಇಂಗ್ಲಿಷರ ಕಾವಲು ಹಡಗು ‘ಯೂನಿಟಿ’ಯನ್ನು ಹಿಡಿದ. ಹಿಂದೆ ಬಂದ ಬೆಂಕಿ ಹಡಗುಗಳಿಗೆ (ಬೆಂಕಿ ಹಚ್ಚಿ ಶತ್ರುವಿನ ಮೇಲೆ ಬಿಡುವ ಹಡಗುಗಳು) ದಾರಿ ಸಿಕ್ಕಿತು, ಸರಪಳಿ ಹೋಯಿತು.

ನನ್ನ ಸರಪಳಿ ಮಾತ್ರ ಬರಲೇ ಇಲ್ಲ. ತುಂಡಾದ ಸರಪಳಿಯ ಕೊಂಡಿಯನ್ನು ಅಳೆಸಿ ಆರೂಕಾಲು ಇಂಚು ಅಂತ ಆಗಿನ ಇಂಗ್ಲಿಷ್ ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ನನ್ನ ಮಾದರಿ ನಿಜದ ನೂರನೇ ಒಂದು ಅಳತೆಯದ್ದು (1:100), ಅದಕ್ಕೆ 1.6 ಮಿ.ಮೀ. ದಪ್ಪ ಅಂತ ಲೆಕ್ಕ ಹಾಕಿ ಆನ್‌ಲೈನಿನಲ್ಲಿ ಕಪ್ಪು ಸರಪಳಿ ತರಿಸಿದೆ. ಬಂದದ್ದು ಹೃದಯದಾಕಾರದ ಕೊಕ್ಕೆ ಇರುವ ಕಾಲ್ಚೈನು. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಅದು ಈಗ ಮಗಳ ಕಾಲಲ್ಲಿದೆ.

ಹೇಗೂ ಇರಲಿ ಅಂತ ಎರಡನೇ ಸಲ ದಪ್ಪ ತಂತಿಯಲ್ಲೇ ಮಾಡಿ ಹಡಗಿನ ಪಕ್ಕ ಇಟ್ಟೆ. ಬಾವಿಗೆ ಕಟ್ಟುವ ಸರಪಳಿ ಥರ ಕಂಡಿತು. ಮತ್ತೆ ಓದಿದೆ. ಪೀಪ್ಸ್ ಹೇಳಿದ್ದು ದಪ್ಪವಲ್ಲ, ಸುತ್ತಳತೆ! 3.14ರಿಂದ ಭಾಗಿಸಿದರೆ ಎರಡೇ ಇಂಚು. ಅಂದರೆ ಮಾದರಿಯಲ್ಲಿ 0.5 ಮಿ.ಮೀ. ಶಾಲೆ ಗಣಿತ, ನಾಚಿಕೆಯಾಯಿತು.

0.5ರ ತಾಮ್ರದ ತಂತಿಯನ್ನು ಹೆಣಿಗೆ ಕಡ್ಡಿಗೆ ಸುತ್ತಿ, ಕತ್ತರಿಸಿ, ಅರವತ್ತು ಕೊಂಡಿ ಒಂದೊಂದಾಗಿ ಬೆಸುಗೆ ಹಾಕಿ ಮುಚ್ಚಿದೆ. ಕಬ್ಬಿಣದಂತೆ ಕಾಣಲು ತಾಮ್ರವನ್ನು ಕಪ್ಪಾಗಿಸಿದೆ. ಬೆಸುಗೆಯ ಜಾಗ ಮಾತ್ರ ಕಪ್ಪಾಗಲ್ಲ, ಅಲ್ವಾ? ಬ್ರಶ್ಶಿನಲ್ಲಿ ಬಣ್ಣ ತಾಗಿಸಿದೆ.

ಆಮೇಲೆ ಹೊಳೆಯಿತು: ಸರಪಳಿ ಇದ್ದದ್ದು ನೀರಿನೊಳಗೆ. ಕೆಸರು ನದಿ ಬೇರೆ. ನೀರಿನ ಬದಲು ಸುರಿಯುವ, ಆಮೇಲೆ ಗಟ್ಟಿಯಾಗುವ ರೆಸಿನ್ನಿಗೆ ನಿಜವಾದ ಕಂದು ಬಣ್ಣ ಹಾಕಿದರೆ ಅಷ್ಟೂ ಕೊಂಡಿ ಮಾಯ! ದಡದ ಕಡೆ ಒಂಬತ್ತು ಕೊಂಡಿ ಮೇಲಿರುವಂತೆ ಬಿಟ್ಟು, ಉಳಿದದ್ದನ್ನು ಮುಳುಗಿಸಿದೆ. ಕಣ್ಣೀರು ಬಂತು, ನಿಜ. ಒಂದೇ ಸಲ ಮೂರು ಸೆಂ.ಮೀ. ಸುರಿದ ಹಳೆಯ ರೆಸಿನ್ ಕಾದು ಬಿರಿದಿತ್ತು, ಹಾಗಾಗಿ ಈ ಸಲ ಐದೈದು ಮಿ.ಮೀ. ಪದರ. ಇವತ್ತು ಬೆಳಿಗ್ಗೆ ಉಗುರಿನಿಂದ ಒತ್ತಿ ನೋಡಿದೆ, ಗಟ್ಟಿಯಾಗಿದೆ.

ಮುಂದಿನ ಡಯೋರಮಾ ಇದೇ ಪುಣ್ಯಾತ್ಮ ಬ್ರಾಕೆಲ್‌ನ 1672ರ ಸೋಲ್‌ಬೇ ಕದನ. 100 ತೋಪಿನ ಇಂಗ್ಲಿಷ್ ಹಡಗು ‘ರಾಯಲ್ ಜೇಮ್ಸ್’ಗೆ ಅವನ ‘ಗ್ರೋಟ್ ಹೊಲಾಂಡಿಯಾ’ ಅಂಟಿಕೊಂಡ ದೃಶ್ಯ. ಎರಡು ಹಡಗಿನ ಹಗ್ಗ ಸಿಕ್ಕುಸಿಕ್ಕಾಗಿರಬೇಕು. ನನ್ನ ಗಂಟುಗಳು ಹೇಗೂ ಹಾಗೇ ಬರುತ್ತವೆ. ಹಗ್ಗಕ್ಕೆ 0.3 ಮಿ.ಮೀ. ದಾರ, ಚೆನ್ನಾಗಿರೋದು, ಎಲ್ಲಿ ಸಿಗುತ್ತೆ, ಹೇಳಿ.