ಗಾಳಿ ನಿಂತ ಮೇಲೆ ಕಾಬೋ

ಮೆಕ್ಸಿಕೋದ ಕಾಬೋ ಸಾನ್ ಲೂಕಾಸ್‌ನಲ್ಲಿ ಸೆಪ್ಟೆಂಬರ್ ಬಂತೆಂದರೆ ರಿಸಾರ್ಟುಗಳ ರೂಮು ಅಗ್ಗ. ಯಾಕೆ ಅಗ್ಗ ಅನ್ನುವುದನ್ನು ಬುಕಿಂಗ್ ಮಾಡಿಕೊಡುವವರು ಬಾಯಿಬಿಟ್ಟು ಹೇಳುವುದಿಲ್ಲ. ಪೂರ್ವ ಪೆಸಿಫಿಕ್‌ನ ಹರಿಕೇನ್, ಅಂದರೆ ಚಂಡಮಾರುತದ, ಕಾಲ ಮೇ 15ಕ್ಕೆ ಶುರುವಾಗಿ ನವೆಂಬರ್ 30ರವರೆಗೆ ಇರುತ್ತದೆ. ಬಾಹಾ ಪರ್ಯಾಯ ದ್ವೀಪದ ತುದಿಯಲ್ಲಿರುವ ಈ ಊರಿಗೆ ಸೆಪ್ಟೆಂಬರೇ ಗಂಡಾಂತರದ ತಿಂಗಳು. 2014ರ ಸೆಪ್ಟೆಂಬರ್ 14, ಭಾನುವಾರ ರಾತ್ರಿ ಸುಮಾರು 10.45ಕ್ಕೆ ಓಡೀಲ್ ಚಂಡಮಾರುತ ಅಲ್ಲಿ ನೆಲ ಮುಟ್ಟಿದಾಗ ಗಾಳಿ ಗಂಟೆಗೆ 205 ಕಿಲೋಮೀಟರ್ ವೇಗದಲ್ಲಿತ್ತು. ಉಪಗ್ರಹಗಳು ಬಂದ ಮೇಲೆ ಕಾಬೋ ಇರುವ ಬಾಹಾ ಕ್ಯಾಲಿಫೋರ್ನಿಯಾ ಸುರ್ ರಾಜ್ಯಕ್ಕೆ ಅಷ್ಟು ಜೋರಾಗಿ ಹೊಡೆದದ್ದು 1967ರ ಒಲಿವಿಯಾ ಒಂದೇ. ಆ ರಾತ್ರಿ ಕಾಬೋ ಸೇರಿದಂತೆ ಇಡೀ ಲಾಸ್ ಕಾಬೋಸ್ ಪ್ರದೇಶದಲ್ಲಿ ಸುಮಾರು 30,000 ಪ್ರವಾಸಿಗರಿದ್ದರು. ಕ್ಯಾಲಿಫೋರ್ನಿಯಾದಿಂದ ಹೋದ ಕೆಲವು ಕನ್ನಡ ಕುಟುಂಬಗಳ ನಮ್ಮ ಗುಂಪೂ ಅದರಲ್ಲಿ ಸೇರಿತ್ತು.

ಅದಕ್ಕೂ ಹಿಂದಿನ ದಿನಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎಲ್ ಆರ್ಕೋ ಕಲ್ಲಿನ ಕಮಾನು ದೋಣಿಯಿಂದ ನೋಡಲು ಚೆಂದ. ಮೆದಾನೋ ಬೀಚಿನಲ್ಲಿ ಹಾಡಿನ ಅಬ್ಬರ, ಮರೀನಾದ ಅಂಗಡಿಗಳಲ್ಲಿ ಕೈಸುಡುವ ಬೆಲೆ. ಬರೆಯಬೇಕು ಅನ್ನಿಸಿದ್ದು ಬೇರೆ ಕಾರಣಕ್ಕೆ. ಎಲ್ಲರೂ ಹೆದರಿದ್ದು ಗಾಳಿಗೆ, ಆದರೆ ಗಾಳಿಯದು ಒಂದು ರಾತ್ರಿಯ ಪಾಡು. ಜನ ಹೈರಾಣಾದದ್ದು ಆಮೇಲೆ, ನೀರು, ಕಕ್ಕಸು ಮತ್ತು ವಿಮಾನದ ಸಾಲಿನಲ್ಲಿ.

ಶುರುವಿನ ಮುನ್ಸೂಚನೆಗಳಲ್ಲಿ ಓಡೀಲ್‌ನ ದಾರಿ ಪಶ್ಚಿಮಕ್ಕೆ, ಕಡಲ ಮೇಲೇ ಇತ್ತು. ಹಿಂದಿನ ವಾರವಷ್ಟೇ ನಾರ್ಬರ್ಟ್ ಎಂಬ ಇನ್ನೊಂದು ಹರಿಕೇನ್ ಹಾಗೆಯೇ ಪಕ್ಕದಿಂದ ಸರಿದು ಹೋಗಿತ್ತು. ಹಾಗಾಗಿ ಕೌಂಟರಿನಲ್ಲಿ ಕೂತವರು 'ಸ್ವಲ್ಪ ಮಳೆ ಬರಬಹುದು ಅಷ್ಟೇ' ಎಂದು ನಗುತ್ತಲೇ ಇದ್ದರು. ಹೋಟೆಲಿನವರು ರೂಮು ಖಾಲಿ ಮಾಡಿ ಎಂದು ಹೇಳುವುದು ಕೊನೆಗೆ. ಅವರ ಮಾತು ನಂಬಿ ಕೂರಬಾರದು. ಪೂರ್ವ ಪೆಸಿಫಿಕ್‌ಗೂ ಮುನ್ಸೂಚನೆ ಕೊಡುವುದು ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್, ಆರು ಗಂಟೆಗೊಮ್ಮೆ. ಆ ಸೂಚನೆಯಲ್ಲಿ 'ವಾಚ್' ಎಂದರೆ ಬಿರುಗಾಳಿ ಶುರುವಾಗಲು ಸುಮಾರು 48 ಗಂಟೆ ಇದೆ ಎಂದು. 'ವಾರ್ನಿಂಗ್' ಎಂದರೆ 36. ವಿಮಾನ ಸಿಗುವುದು ವಾಚ್ ಇರುವಾಗ. ವಾರ್ನಿಂಗ್ ಬರುವ ಹೊತ್ತಿಗೆ ಸೀಟು ಮುಗಿದಿರುತ್ತದೆ. ಅವರ ನಕ್ಷೆಯಲ್ಲಿ ಚಂಡಮಾರುತದ ದಾರಿಯ ಸುತ್ತ ಕಾಣುವ ಬಿಳಿ ಕೋನ್ (ಶಂಕುವಿನ ಆಕಾರ) ಗಾಳಿಯ ಅಗಲವಲ್ಲ. ಚಂಡಮಾರುತದ ನಡುಬಿಂದು ಮೂರರಲ್ಲಿ ಎರಡು ಸಲ ಅದರೊಳಗೆ ಇರುತ್ತದೆ, ಅಷ್ಟೇ ಅದರ ಅರ್ಥ. ಕೋನ್‌ನಿಂದ ಹೊರಗಿದ್ದೇವೆ ಎಂದು ಬೀಚಿಗೆ ಹೋಗಿ ಮಲಗುವವರು ಇದನ್ನು ಗಮನಿಸಬೇಕು.

ಭಾನುವಾರ ಮಧ್ಯಾಹ್ನ ಬಾಗಿಲ ಸಂದಿಯಿಂದ ಚೀಟಿ ಬಂತು: ಸ್ನಾನದ ತೊಟ್ಟಿ ತುಂಬಿಸಿಕೊಳ್ಳಿ, ಪಾಸ್‌ಪೋರ್ಟ್ ಜೊತೆಗಿರಲಿ, ಆರು ಗಂಟೆಗೆ ದಿಂಬು ಹೊದಿಕೆ ತೆಗೆದುಕೊಂಡು ಬಾಲ್‌ರೂಮಿಗೆ ಬನ್ನಿ. ತೊಟ್ಟಿ ತುಂಬಿಸುವುದು ಸುಲಭದ ಕೆಲಸವಲ್ಲ. ಹೋಟೆಲ್ ತೊಟ್ಟಿಗಳ ಬಿರಡೆ ಬಿಗಿಯಾಗಿ ಕೂರುವುದು ಅಪರೂಪ. 150 ಲೀಟರ್ ತುಂಬಿಸಿಟ್ಟರೆ ಬೆಳಗಿನ ಹೊತ್ತಿಗೆ ಅರ್ಧ ಸೋರಿ ಹೋಗಿರುತ್ತದೆ. ಬಿರಡೆಯ ಕೆಳಗೆ ಪ್ಲಾಸ್ಟಿಕ್ ಕವರ್ ಹರಡಿ ಒತ್ತಿದರೆ ನಿಲ್ಲುತ್ತದೆ. ನಮ್ಮ ಪಕ್ಕದ ರೂಮುಗಳಲ್ಲಿ ಹೀಗೆ ಮಾಡದವರೆಲ್ಲ ಮಂಗಳವಾರ ಬಕೆಟ್ ಹಿಡಿದು ಅಲೆದರು.

ಬಾಲ್‌ರೂಮ್ ನೋಡಲು ಭದ್ರ, ಕಿಟಕಿ ಇಲ್ಲ. ಆದರೆ ಅಷ್ಟು ಅಗಲದ ಕೋಣೆಗೆ ಮೇಲೆ ಫಾಲ್ಸ್ ಸೀಲಿಂಗ್ ಇರುತ್ತದೆ, ಕಟ್ಟಡದೊಳಗೆ ಗಾಳಿಯ ಒತ್ತಡ ಏರಿಳಿದಾಗ ಮೊದಲು ಕಳಚುವುದು ಅದೇ. ಹನ್ನೊಂದರ ಸುಮಾರಿಗೆ ಕಿವಿ ಕಟ್ಟಿದಂತಾಯಿತು, ಮೇಲಿನ ಹಲಗೆಗಳು ಪಟಪಟ ಎದ್ದು ಕೂರತೊಡಗಿದವು. ಎಲ್ಲರನ್ನೂ ಅಡುಗೆಮನೆಯ ಹಿಂದಿನ ಕಾಂಕ್ರೀಟ್ ಪ್ಯಾಸೇಜಿಗೂ ಮೆಟ್ಟಿಲುಗಳಿಗೂ ಸಾಗಿಸಿದರು. ರಿಸಾರ್ಟಿನಲ್ಲಿ ಮೆಟ್ಟಿಲುಗಳ ಗೋಪುರದಷ್ಟು ಗಟ್ಟಿ ಜಾಗ ಇನ್ನೊಂದಿಲ್ಲ: ನಾಲ್ಕೂ ಕಡೆ ಕಾಂಕ್ರೀಟ್, ಸೀಲಿಂಗಿನ ಗೊಡವೆ ಇಲ್ಲ.

ಆ ಪ್ಯಾಸೇಜಿನಲ್ಲಿ ಸಿಕ್ಕವನು ಮೆಂಟೆನೆನ್ಸ್ ವಿಭಾಗದ ಒಬ್ಬ. ಸಿನಾಲೋವಾ ಕಡೆಯವನು, ಐವತ್ತರ ಆಸುಪಾಸು, ಹಣೆಗೆ ಕಟ್ಟಿದ ಟಾರ್ಚು, ಒದ್ದೆ ಬೂಟು. ಅಕ್ಕಿ ಮೂಟೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದ. ಅವನ ಮುರುಕು ಇಂಗ್ಲಿಷು, ನಮ್ಮವರ ಮುರುಕು ಸ್ಪ್ಯಾನಿಷು, ನಡುವೆ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಅವನು ಬರೆದ ಚಿತ್ರ.

"ಬಾಲ್ಕನಿ ಗಾಜಿಗೆ ಟೇಪ್ ಅಂಟಿಸಲಿಲ್ಲವಲ್ಲ, ಯಾಕೆ?"

"ಟೇಪು ಗಾಜನ್ನ ಉಳಿಸಲ್ಲ, ಸೆನ್ಯೋರ್. ಒಡೆದಾಗ ಚೂರು ಚೂರಾಗೋದು ಬಿಟ್ಟು ದೊಡ್ಡ ಹಾಳೆಯಾಗಿ ಹಾರುತ್ತೆ. ಮರುದಿನ ಅಂಟು ಕೆರೆಯೋ ಕೆಲಸ ನಮ್ಮ ತಲೆಗೆ."

ಅವನ ಪ್ರಕಾರ ಗಾಜು ಒಡೆಯುವುದು ಆಮೇಲಿನ ಮಾತು. ಮೊದಲು ಬರುವುದು ನೀರು. ಜಾರುಬಾಗಿಲಿನ ಕೆಳಗಿನ ಚಾನೆಲ್ಲಿನಲ್ಲಿ ಹೊರಮುಖಕ್ಕೆ ಸಣ್ಣ ತೂತುಗಳಿರುತ್ತವೆ. ಮಳೆನೀರು ಬಿದ್ದರೆ ಅಲ್ಲಿಂದ ಹೊರಗೆ ಹೋಗಲಿ ಎಂದು. ಹರಿಕೇನ್ ಗಾಳಿಗೆ ಅದೇ ತೂತು ಉಲ್ಟಾ ಕೆಲಸ ಮಾಡುತ್ತದೆ. ಲೆಕ್ಕ ಹಾಕಿದರೆ ಅವನ ಮಾತು ಸರಿಯಾಗಿ ಕೂರುತ್ತದೆ. ಗಂಟೆಗೆ 205 ಕಿಲೋಮೀಟರ್ ಗಾಳಿ ನೇರ ಹೊಡೆದರೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ. ಅಷ್ಟು ಒತ್ತಡ ನೀರನ್ನು 20 ಸೆಂಟಿಮೀಟರ್ ಮೇಲಕ್ಕೆ ಎತ್ತಬಲ್ಲದು. ಚಾನೆಲ್ಲಿನ ಒಳಅಂಚು ಇರುವುದೇ ನಾಲ್ಕೈದು ಸೆಂಟಿಮೀಟರ್. ಹಾಗಾಗಿ ಟವೆಲ್ ಸುರುಳಿ ಸುತ್ತಿಟ್ಟರೆ ನೀರು ನಿಲ್ಲುವುದಿಲ್ಲ, ಹಿಂಡಿ ಹಿಂಡಿ ಕೈ ಸೋಲುತ್ತದೆ. ನೆಲದ ಮೇಲಿನ ಸೂಟ್‌ಕೇಸುಗಳನ್ನು ಕಪಾಟಿನ ಮೇಲಿನ ಹಂತಕ್ಕೆ ಎತ್ತಿಡುವುದೊಂದೇ ಉಪಾಯ.

ಎರಡನೆಯದು ಬಾಗಿಲು. ಎರಡು ಮೀಟರ್ ಅಗಲ, 2.4 ಮೀಟರ್ ಎತ್ತರದ ಬಾಗಿಲ ಮೇಲೆ ಬೀಳುವ ಭಾರ ಒಂದು ಟನ್ನಿಗೆ ಹತ್ತಿರ. ನಡುವೆ ಅದು ಒಳಕ್ಕೆ ಬಾಗುತ್ತದೆ. ಬಾಗಿದಾಗ ಉದ್ದ ಸಾಲದೆ ಮೇಲಿನ ಚಾನೆಲ್ಲಿನಿಂದ ಅಂಚು ಕಳಚಿಕೊಳ್ಳುತ್ತದೆ. ಗಾಜು ಇಡಿಯಾಗಿಯೇ ಚೌಕಟ್ಟಿನ ಸಮೇತ ಒಳಗೆ ಬರುತ್ತದೆ. ಮಧ್ಯಾಹ್ನದಿಂದ ಅವನೂ ಅವನ ಜೊತೆಯವರೂ ಮಾಡುತ್ತಿದ್ದುದು ಇಷ್ಟೇ: ಕಡಲಿಗೆ ಮುಖವಿರುವ ರೂಮುಗಳಲ್ಲಿ ಮೇಲಿನ ಚಾನೆಲ್ಲಿಗೆ ಸ್ಕ್ರೂ ಹೊಡೆದು ಬಾಗಿಲು ಮೇಲೇಳದಂತೆ ತಡೆಯುವುದು, ಬಾಲ್ಕನಿಯ ಮೇಜು ಕುರ್ಚಿ ಒಳಗೆ ತಂದು ಹಾಕುವುದು. ಅರ್ಧಕ್ಕರ್ಧ ರೂಮುಗಳಿಗಷ್ಟೇ ಸಮಯ ಸಿಕ್ಕಿತ್ತು. ಕುರ್ಚಿಗಳನ್ನು ಅತಿಥಿಗಳೇ ಒಳಗೆ ಎಳೆದುಕೊಂಡಿದ್ದರೆ ಇನ್ನಷ್ಟು ಬಾಗಿಲುಗಳಿಗೆ ಸ್ಕ್ರೂ ಬೀಳುತ್ತಿತ್ತು ಎಂದು ಅವನು ಬೇಸರವಿಲ್ಲದೆ ಹೇಳಿದ.

"ಗಾಳಿ ಇಲ್ಲದ ಕಡೆಯ ಕಿಟಕಿ ತೆರೆದಿಟ್ಟರೆ ಒತ್ತಡ ಸಮ ಆಗುತ್ತಂತಲ್ಲ?"

"ಯಾರು ಹೇಳಿದ್ದು? ಎಲ್ಲಾ ಮುಚ್ಚಿ. ರೂಮಿಂದ ಕಾರಿಡಾರಿಗೆ ಬರೋ ಬಾಗಿಲನ್ನಂತೂ ಮುಚ್ಚಲೇಬೇಕು. ಒಂದು ಗಾಜು ಹೋದರೆ ಗಾಳಿ ಒಳಗೆ ತುಂಬ್ಕೊಳ್ಳುತ್ತೆ, ಹೊರಗೆ ಹೋಗೋಕೆ ದಾರಿ ಹುಡುಕುತ್ತೆ. ಆ ಬಾಗಿಲು ತೆರೆದಿದ್ದರೆ ಇಡೀ ಮಹಡಿಯ ಸೀಲಿಂಗು ಹೋಯ್ತು ಅಂತ ಲೆಕ್ಕ."

ಮರುದಿನ ನೋಡಿದಾಗ ಹಾಗೇ ಆಗಿತ್ತು. ಕಾರಿಡಾರಿನ ಬಾಗಿಲು ಹಾಕಿದ್ದ ರೂಮುಗಳಲ್ಲಿ ಹಾನಿ ಆ ರೂಮಿಗೇ ನಿಂತಿತ್ತು. ಮೂರನೇ ಮಹಡಿಯಲ್ಲಿ ಯಾರೋ ಬಾಗಿಲಿಗೆ ಕುರ್ಚಿ ಒತ್ತಿಟ್ಟು ತೆರೆದೇ ಬಿಟ್ಟು ಹೋಗಿದ್ದರು; ಅಲ್ಲಿಂದ ಲಿಫ್ಟಿನವರೆಗೆ ಜಿಪ್ಸಮ್ ಹಲಗೆ, ವೈರು, ಎಸಿ ಡಕ್ಟು ಎಲ್ಲ ನೆಲದ ಮೇಲೆ.

ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಊರಿನ ಹಿಂದಿನ ಬಡಾವಣೆಯೊಂದರ ಹೆಸರು ಹೇಳಿದ. "ತಗಡಿನ ಮಾಡು. ಹೋಗಿರುತ್ತೆ. ಹೆಂಡತಿ ಮಕ್ಕಳು ಶಾಲೆಯಲ್ಲಿದ್ದಾರೆ, ಸರ್ಕಾರದವರು ಕರ್ಕೊಂಡು ಹೋದರು. ಹಳ್ಳ ಇಳಿದ ಮೇಲೆ ನೋಡಬೇಕು." ಬಾಹಾದ ಹಳ್ಳಗಳು ವರ್ಷವೆಲ್ಲ ಒಣ ಮರಳು, ಇಂಥ ಮಳೆಗೆ ಗಂಟೆಯೊಳಗೆ ತುಂಬಿ ರಸ್ತೆಯನ್ನೇ ಕೊಚ್ಚಿಕೊಂಡು ಹೋಗುತ್ತವೆ. ಮೂಟೆಯಿಂದ ಎದ್ದವನು ಮತ್ತೆ ಡ್ರಿಲ್ ತೆಗೆದುಕೊಂಡು ಮೇಲೆ ಹೋದ. ಅಂಥವರು ಆ ಹೋಟೆಲಿನಲ್ಲಿ ನೂರಾರು ಜನ ಇದ್ದರು, ಮನೆಯ ಸುದ್ದಿ ಗೊತ್ತಿಲ್ಲದೆ ಬೆಳಿಗ್ಗೆ ಅತಿಥಿಗಳಿಗೆ ಬ್ರೆಡ್ ಹಂಚಿದವರು. ಅದೇ ಬೆಳಿಗ್ಗೆ ಕಾಫಿ ತಣ್ಣಗಿದೆ ಎಂದು ಕೂಗಾಡಿದ ಅತಿಥಿಗಳೂ ಇದ್ದರು, ಅವರ ವಿಷಯ ಬಿಡಿ.

ಸೋಮವಾರ ಬೆಳಕಾದ ಮೇಲೆ ಗೊತ್ತಾಯಿತು: ಜನರೇಟರ್ ನಡೆಯುತ್ತಿದೆ, ನಲ್ಲಿಯಲ್ಲಿ ನೀರಿಲ್ಲ. ಹೋಟೆಲಿನ ತುರ್ತು ಜನರೇಟರಿಗೆ ಕೊಟ್ಟಿರುವುದು ಕಾರಿಡಾರ್ ದೀಪ, ಬೆಂಕಿ ಅಲಾರಂ, ಅಡುಗೆಮನೆಯ ಕೋಲ್ಡ್ ರೂಮು. ಸಂಪಿನಿಂದ ನೀರೆತ್ತುವ ಪಂಪು ಆ ಲೈನಿನಲ್ಲಿ ಇರಲಿಲ್ಲ. ಬುಕ್ ಮಾಡುವಾಗ ಜನರೇಟರ್ ಇದೆಯೇ ಎಂದು ಕೇಳುವುದು ದಂಡ, ನೀರಿನ ಪಂಪು ಅದರ ಮೇಲಿದೆಯೇ ಎಂದು ಕೇಳಿ. ಕಾಬೋ ಮರುಭೂಮಿ. ಊರಿಗೆ ಕುಡಿಯುವ ನೀರಿನಲ್ಲಿ ಒಂದು ಪಾಲು ಕಡಲ ನೀರನ್ನು ಸಿಹಿ ಮಾಡುವ ಘಟಕದಿಂದ ಬರುತ್ತದೆ, ಅದಕ್ಕೂ ಕರೆಂಟು ಬೇಕು. ರಾಜ್ಯದ ವಿದ್ಯುತ್ ಜಾಲ ದೇಶದ ಮುಖ್ಯ ಜಾಲಕ್ಕೆ ಸೇರಿಲ್ಲ, ಬೇರೆ ಕಡೆಯಿಂದ ಎಳೆದುಕೊಳ್ಳುವ ಹಾಗಿಲ್ಲ. ಹತ್ತರಲ್ಲಿ ಒಂಬತ್ತು ಮನೆಗೆ ಕರೆಂಟಿರಲಿಲ್ಲ.

ಕಕ್ಕಸಿಗೆ ಈಜುಕೊಳದ ನೀರು. ಒಂದು ಸಲಕ್ಕೆ ಆರು ಲೀಟರ್ ಸಾಕು, ಆದರೆ ಬಕೆಟ್ಟನ್ನು ಒಂದೇ ಸಲ ಜೋರಾಗಿ ಸುರಿಯಬೇಕು. ಮಗ್ಗಿನಲ್ಲಿ ನಿಧಾನ ಹುಯ್ದರೆ ಹತ್ತು ಲೀಟರ್ ಖರ್ಚಾಗುತ್ತದೆ, ಏನೂ ಕೆಳಗೆ ಹೋಗುವುದಿಲ್ಲ. ಕೊಳದ ಸುತ್ತ ಗಾಜಿನ ಚೂರು ಮರಳಿನಲ್ಲಿ ಹೂತಿರುತ್ತದೆ, ಬೂಟು ಹಾಕದೆ ಹೋಗಬಾರದು. ಕುಡಿಯಲು, ಕೈ ಬಾಯಿ ತೊಳೆಯಲು ತಲೆಗೆ ದಿನಕ್ಕೆ ನಾಲ್ಕು ಲೀಟರ್ ಬೇಕು. ಬಾಟಲಿ ಮುಗಿದರೆ, ಮೊದಲೇ ಹಿಡಿದಿಟ್ಟ ನಲ್ಲಿ ನೀರಿಗೆ ಲೀಟರಿಗೆ ಎರಡು ತೊಟ್ಟು ವಾಸನೆಯಿಲ್ಲದ ಮಾಮೂಲಿ ಬ್ಲೀಚ್ ಹಾಕಿ ಅರ್ಧ ಗಂಟೆ ಬಿಡಬೇಕು. ಕೊಳದ ನೀರಿಗೆ ಈ ಉಪಾಯ ಬೇಡ.

ಊಟದ್ದು ತಮಾಷೆ. ಮೊದಲ ದಿನ ಫ್ರೀಜರ್ ಖಾಲಿ ಮಾಡಲು ಸೀಗಡಿ, ಮಾಂಸ ಧಾರಾಳ. ಆಮೇಲೆ ಬ್ರೆಡ್ಡು, ಡಬ್ಬಿ ಮೀನು, ಬೀನ್ಸು. ಸಸ್ಯಾಹಾರಿಗಳು ಬೀನ್ಸ್ ನೋಡಿ ಖುಷಿಪಡಬಾರದು. ಅದನ್ನು ಅರೆದು ಹುರಿಯುವುದು ಹೆಚ್ಚಾಗಿ 'ಮಾಂತೇಕಾ' ಅಂದರೆ ಹಂದಿ ಕೊಬ್ಬಿನಲ್ಲಿ, ಕೇಳಿಯೇ ತಿನ್ನಬೇಕು. ಗುಂಪಿನಲ್ಲಿ ಒಬ್ಬರ ತಾಯಿ ಧಾರವಾಡದಿಂದ ಬಂದಿದ್ದರು. ಅವರ ಚೀಲದಲ್ಲಿ ಎರಡು ಕಿಲೋ ಪೇಪರ್ ಅವಲಕ್ಕಿ, ಶೇಂಗಾ ಚಟ್ನಿಪುಡಿ. ರೆಡಿಮೇಡ್ ಉಪ್ಪಿಟ್ಟು, ನೂಡಲ್ಸು ತಂದವರೆಲ್ಲ ಬಿಸಿನೀರಿಗೆ ಬಾಯಿ ಬಿಟ್ಟರು. ಅವಲಕ್ಕಿಗೆ ಒಲೆಯೂ ಬೇಡ, ನೀರೂ ಬೇಡ. "ಪ್ಲೇನ್‌ನ್ಯಾಗ ಇದನ್ಯಾಕ ಹೊರ್ತೀಯವ್ವಾ ಅಂದಿದ್ದಿ. ಈಗ ತಿನ್ನು," ಎಂದು ಮಗನಿಗೆ ಕೊಟ್ಟ ಮೇಲೆ ಪಕ್ಕದ ಕೆನಡಾದವರಿಗೂ ಕೊಟ್ಟರು.

ದುಡ್ಡಿನ ವಿಷಯ. ಕರೆಂಟಿಲ್ಲದಿದ್ದರೆ ಕಾರ್ಡೂ ಇಲ್ಲ, ಎಟಿಎಮ್ಮೂ ಇಲ್ಲ. ನೂರು ಡಾಲರ್ ನೋಟಿಗೆ ಚಿಲ್ಲರೆ ಕೊಡುವವರಿಲ್ಲ. ಇಪ್ಪತ್ತು, ಐವತ್ತರ ಪೆಸೋ ನೋಟುಗಳೇ ನಡೆದವು. ಊರಲ್ಲಿ ಅಂಗಡಿಗಳ ಲೂಟಿ ಶುರುವಾಗಿತ್ತು, ಹೊರಗೆ ಅಲೆಯುವುದು ಒಳ್ಳೆಯದಲ್ಲ ಎಂದು ಗೇಟಿನಲ್ಲೇ ತಡೆಯುತ್ತಿದ್ದರು.

ವಿಮಾನ ನಿಲ್ದಾಣ ಸಾನ್ ಹೋಸೆ ದೆಲ್ ಕಾಬೋದಲ್ಲಿ. ಟರ್ಮಿನಲ್ ಕಟ್ಟಡಗಳು ಕಿತ್ತುಹೋಗಿದ್ದವು, ರನ್‌ವೇ ಉಳಿದಿತ್ತು. 16ರಿಂದ ಮೆಕ್ಸಿಕೋ ಸರ್ಕಾರ ಸೇನೆಯ ವಿಮಾನಗಳನ್ನೂ ಖಾಸಗಿ ವಿಮಾನಗಳನ್ನೂ ಹಾಕಿ ಪುಕ್ಕಟೆ ಸಾಗಿಸತೊಡಗಿತು: ತಿಹ್ವಾನಾ, ಮಸತ್ಲಾನ್, ಗ್ವಾದಲಹಾರಾ, ಮೆಕ್ಸಿಕೋ ಸಿಟಿ. ಸುಡುಬಿಸಿಲಲ್ಲಿ ಗಂಟೆಗಟ್ಟಲೆ ಸಾಲು, ನೆರಳೆಂಬುದಿಲ್ಲ. ಕೊಡೆ, ತಲೆಗೆರಡು ಲೀಟರ್ ನೀರು, ಬಿಪಿ ಮಾತ್ರೆ ಕೈಚೀಲದಲ್ಲಿರಬೇಕು. ದೊಡ್ಡ ಸೂಟ್‌ಕೇಸನ್ನು ಹೋಟೆಲಲ್ಲೇ ಬಿಟ್ಟವರು ಬೇಗ ಹತ್ತಿದರು.

ಯಾವ ಸಾಲಿಗೆ ನಿಲ್ಲಬೇಕು ಅನ್ನುವುದೇ ಮುಖ್ಯ. ಮುಂದಿರುವ ವಿಮಾನ ಹತ್ತಿ ಮೆಕ್ಸಿಕೋ ಸಿಟಿಗೆ ಹೋದವರು ಅಲ್ಲಿಂದ ಮತ್ತೆ ಟಿಕೆಟ್ ಕೊಳ್ಳಬೇಕಾಯಿತು. ತಿಹ್ವಾನಾದಿಂದ ಟ್ಯಾಕ್ಸಿಯಲ್ಲಿ ಸಾನ್ ಇಸಿದ್ರೋ ಗಡಿಗೆ ಹೋಗಿ ನಡೆದೇ ಸ್ಯಾನ್ ಡಿಯಾಗೋ ಸೇರಬಹುದು. ಭಾರತದ ಪಾಸ್‌ಪೋರ್ಟಿನವರು ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ತೋರಿಸಿ ಮೆಕ್ಸಿಕೋಗೆ ಹೋಗಿರುತ್ತಾರೆ. ವಾಪಸ್ ಬರುವಾಗ ಗಡಿಯಲ್ಲಿ ಕೇಳುವುದು ಅದೇ ವೀಸಾ. ಎಚ್-1ಬಿ ಎಂಬ ಕೆಲಸದ ವೀಸಾ ಇದ್ದವರಿಗೆ ಐ-797 (ಮಂಜೂರಾತಿ ಪತ್ರ) ಮೂಲಪ್ರತಿ, ಐ-94 (ಅಮೆರಿಕ ಪ್ರವೇಶದ ದಾಖಲೆ) ಪ್ರಿಂಟು ಜೊತೆಗಿದ್ದರೆ ಒಳ್ಳೆಯದು. ಮೊಬೈಲಿನಲ್ಲಿದೆ ಎಂದವರ ಮೊಬೈಲು ಸತ್ತು ದಿನಗಳಾಗಿದ್ದವು. ಕಾಗದಗಳನ್ನು ಎರಡು ಜಿಪ್‌ಲಾಕ್ ಚೀಲಗಳಲ್ಲಿ ಒಂದರೊಳಗೊಂದು ಇಟ್ಟು ಮೈಮೇಲೇ ಇಟ್ಟುಕೊಳ್ಳಬೇಕು.

ಕೊನೆಗೆ ವಿಮೆ, ಇದರ ಸಿಟ್ಟು ಇನ್ನೂ ಇಳಿದಿಲ್ಲ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ಪ್ರವಾಸ ವಿಮೆ ಆ ಚಂಡಮಾರುತಕ್ಕೆ ಅನ್ವಯವಾಗುವುದಿಲ್ಲ. ಓಡೀಲ್‌ಗೆ ಹೆಸರು ಬಿದ್ದದ್ದು ಸೆಪ್ಟೆಂಬರ್ 10ಕ್ಕೆ. ಗುಂಪಿನಲ್ಲಿ ಒಬ್ಬರು ಹೊರಡುವ ಹಿಂದಿನ ರಾತ್ರಿ, 11ರಂದು, ಪಾಲಿಸಿ ಕೊಂಡಿದ್ದರು. ದುಡ್ಡು ತೆಗೆದುಕೊಳ್ಳುವಾಗ ಕಂಪನಿ ತುಟಿ ಬಿಚ್ಚಲಿಲ್ಲ, ಕ್ಲೇಮು ಹಾಕಿದಾಗ ತಾರೀಖು ತೋರಿಸಿತು. ಉಳಿದವರಿಗೆ ಟಿಕೆಟ್ ಕೊಂಡ ಕ್ರೆಡಿಟ್ ಕಾರ್ಡಿನ ಟ್ರಿಪ್ ಕವರ್‌ನಿಂದ ಸ್ವಲ್ಪ ಬಂತು. ಅದಕ್ಕೂ ವಿಮಾನ ರದ್ದಾದ ಇಮೇಲ್, ಹೋಟೆಲ್ ಬಿಲ್ಲು, ಪ್ರತಿಯೊಂದರ ರಸೀತಿ ಕೇಳಿದರು. ತಿಹ್ವಾನಾದ ಟ್ಯಾಕ್ಸಿಯವನ ಹತ್ತಿರ ಚೀಟಿಯಲ್ಲಿ ಬಾಡಿಗೆ ಬರೆಸಿಕೊಂಡವರಿಗೆ ಆ ದುಡ್ಡೂ ಸಿಕ್ಕಿತು, ಬರೆಸಿಕೊಳ್ಳದವರಿಗೆ ಇಲ್ಲ.